ರಾತ್ರಿಯ ತುತ್ತು, ಮುಂಜಾನೆಯ ಸಕ್ಕರೆ

ಮಧುಮೇಹವುಳ್ಳ ಗೃಹಸ್ಥರೊಬ್ಬರು ರಾತ್ರಿ ಎಂಟು ಗಂಟೆಗೆ ಎರಡು ಜೋಳದ ರೊಟ್ಟಿಯನ್ನೂ ಒಂದಿಷ್ಟು ಪಲ್ಯವನ್ನೂ ಉಂಡು, ಹತ್ತು ಗಂಟೆಗೆ ಬೆರಳ ತುದಿಯ ಒಂದು ಹನಿ ರಕ್ತವನ್ನು ಪರೀಕ್ಷಿಸಿಕೊಂಡು ಮಲಗುತ್ತಾರೆಂದು ಭಾವಿಸೋಣ. ಆಗ ಅವರ ರಕ್ತದ ಪ್ರತಿ ನೂರು ಮಿಲಿಲೀಟರಿನಲ್ಲಿ ೧೪೦ ಮಿಲಿಗ್ರಾಂ ಗ್ಲೂಕೋಸ್ ಇದ್ದಿತು. ರಾತ್ರಿಯೆಲ್ಲ ಅವರು ನೀರಿನ ಹೊರತು ಮತ್ತೇನನ್ನೂ ಮುಟ್ಟಲಿಲ್ಲ. ಬೆಳಗ್ಗೆ ಆರು ಗಂಟೆಗೆ ಪುನಃ ಪರೀಕ್ಷಿಸಿದರೆ ೧೭೦! ಉಣ್ಣದೆಯೇ ಏರಿದ ಈ ಸಕ್ಕರೆ ಎಲ್ಲಿಂದ ಬಂದಿತು?

ಇಂತಹ ಸಂದರ್ಭದಲ್ಲಿ ಮನೆಯವರಲ್ಲಿ ಸಾಮಾನ್ಯವಾಗಿ ಮೂರು ಅಭಿಪ್ರಾಯಗಳು ಹುಟ್ಟುತ್ತವೆ. ಯಾರಿಗೂ ತಿಳಿಯದಂತೆ ಏನನ್ನೋ ತಿಂದಿರಬೇಕೆಂದು ಒಬ್ಬರು ಸಂದೇಹಪಡುತ್ತಾರೆ. ನಾಳೆಯಿಂದ ರಾತ್ರಿಯ ಊಟವನ್ನೇ ಬಿಡಬೇಕೆಂದು ಮತ್ತೊಬ್ಬರು ಹೇಳುತ್ತಾರೆ. ಹೊಟ್ಟೆ ಬರಿದಾದುದರಿಂದಲೇ ಸಕ್ಕರೆ ಏರಿತೆಂದೂ, ಮಲಗುವ ಮುನ್ನ ಒಂದು ತುತ್ತು ತಿನ್ನಬೇಕೆಂದೂ ಮೂರನೆಯವರು ಸಲಹೆ ಕೊಡುತ್ತಾರೆ. ಕೇಳಲು ವಿಚಿತ್ರವಾಗಿ ತೋರಿದರೂ ಈ ಕೊನೆಯ ಸಲಹೆಯು ಕೇವಲ ಮನೆಮಾತಲ್ಲ. ಅದಕ್ಕೆ ವೈದ್ಯಶಾಸ್ತ್ರದಲ್ಲಿಯೇ ಒಂದು ಇತಿಹಾಸವುಂಟು. ಆದರೆ ಒಬ್ಬರಿಗೆ ಪ್ರಾಣರಕ್ಷಕವಾದ ತುತ್ತು ಮತ್ತೊಬ್ಬರಿಗೆ ಅನಾವಶ್ಯಕ ಹೊರೆಯಾಗಬಲ್ಲದು. ಯಾರಿಗೆ ಯಾವುದು ಎಂಬುದನ್ನು ನಿರ್ಣಯಿಸುವುದು ಹೇಗೆ? ಇದೇ ಈ ಲೇಖನದ ವಿಷಯ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ನಡೆಸಿದ, ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು ಹತ್ತು ಕೋಟಿ ಜನ ಮಧುಮೇಹಿಗಳಿದ್ದಾರೆ. ಆದುದರಿಂದ ದಾಂಡೇಲಿಯ ಕಾಗದದ ಕಾರ್ಖಾನೆಯ ಪಾಳಿಯ ಕೆಲಸಗಾರರಾಗಲಿ, ಹಳಿಯಾಳದ ಕಬ್ಬಿನ ಬೆಳೆಗಾರರಾಗಲಿ, ಮುಂಡಗೋಡ ಹಾಗೂ ಜೋಯಿಡಾ ಸೀಮೆಯ ಒಕ್ಕಲಿನವರಾಗಲಿ, ಈ ರೋಗವನ್ನು ಪರಸ್ಥಳದ್ದೆಂದು ಭಾವಿಸುವಂತಿಲ್ಲ. ನಮ್ಮ ವಿದ್ಯಾರ್ಥಿ ವಾಚಕರಲ್ಲಿ ಅನೇಕರ ಮನೆಯಲ್ಲಿಯೇ ತಂದೆಗೋ ಅಜ್ಜಿಗೋ ಇದು ಇದ್ದೀತು. ರಕ್ತಪರೀಕ್ಷೆಯ ಪುಟ್ಟ ಯಂತ್ರವನ್ನು ಮನೆಯಲ್ಲಿ ನಡೆಸುವವರೂ ಬಹುಶಃ ಈ ವಿದ್ಯಾರ್ಥಿಗಳೇ.

ಒಂದು ಚಮಚದ ಲೆಕ್ಕ

ಮೊದಲು ಒಂದು ಸುಲಭವಾದ ಗಣಿತವನ್ನು ಮಾಡೋಣ. ಪ್ರಾಯದ ಮನುಷ್ಯನ ಶರೀರದಲ್ಲಿ ಸುಮಾರು ಐದು ಲೀಟರ್ ರಕ್ತವಿರುತ್ತದೆ. ಆರೋಗ್ಯವಂತನ ಬರಿಹೊಟ್ಟೆಯ ರಕ್ತದಲ್ಲಿ ನೂರು ಮಿಲಿಲೀಟರಿಗೆ ೧೦೦ ಮಿಲಿಗ್ರಾಮಿಗಿಂತ ತುಸು ಕಡಿಮೆ ಗ್ಲೂಕೋಸ್ ಇರುವುದು ಸಹಜ. ಲೆಕ್ಕಕ್ಕೆ ಅನುಕೂಲವಾಗಲೆಂದು ೧೦೦ ಎಂದೇ ಹಿಡಿದರೆ, ಇಡೀ ರಕ್ತದಲ್ಲಿರುವ ಗ್ಲೂಕೋಸ್ ಕೇವಲ ಐದು ಗ್ರಾಂ. ಚಹಾದ ಚಮಚ ಒಂದರಲ್ಲಿ ಹಿಡಿಯುವ ಸಕ್ಕರೆ ಸುಮಾರು ಇಷ್ಟೇ!

ಇನ್ನು ವೆಚ್ಚವನ್ನು ನೋಡಿರಿ. ನಮ್ಮ ಮಿದುಳು ಒಂದು ದಿನಕ್ಕೆ ಸುಮಾರು ೧೨೦ ಗ್ರಾಂ, ಎಂದರೆ ಗಂಟೆಗೆ ಐದು ಗ್ರಾಂ ಗ್ಲೂಕೋಸನ್ನು ಬಳಸುತ್ತದೆ. ನಾವು ನಿದ್ರಿಸಿದರೂ ಮಿದುಳು ತನ್ನ ವೆಚ್ಚವನ್ನು ಬಹಳವಾಗಿ ತಗ್ಗಿಸುವುದಿಲ್ಲ. ಹಾಗಾದರೆ ರಕ್ತದಲ್ಲಿರುವ ಗ್ಲೂಕೋಸ್ ಒಂದನ್ನೇ ನೆಚ್ಚಿಕೊಂಡರೆ ಮಿದುಳಿನ ಖರ್ಚು ಒಂದು ಗಂಟೆ ಸಾಗುವುದೂ ಕಷ್ಟ. ಹೀಗಿದ್ದರೂ ಎಂಟು ಗಂಟೆ ಉಪವಾಸವಿದ್ದು ನಿದ್ರಿಸಿದ ಆರೋಗ್ಯವಂತನು ಬೆಳಗ್ಗೆ ಲವಲವಿಕೆಯಿಂದ ಏಳುತ್ತಾನೆ. ಆದುದರಿಂದ ರಾತ್ರಿಯೆಲ್ಲ ರಕ್ತಕ್ಕೆ ಸಕ್ಕರೆಯನ್ನು ಒದಗಿಸುವ ಉಗ್ರಾಣವೊಂದು ಶರೀರದೊಳಗೇ ಇರಲೇಬೇಕು.

ಆ ಉಗ್ರಾಣವೇ ಯಕೃತ್ತು. ಇದನ್ನು ಮೊದಲು ಸ್ಪಷ್ಟವಾಗಿ ತೋರಿಸಿಕೊಟ್ಟವನು ಫ್ರಾನ್ಸಿನ ಶರೀರವಿಜ್ಞಾನಿ ಕ್ಲಾಡ್ ಬೆರ್ನಾರ್. ೧೮೫೫ರಲ್ಲಿ ಅವನು ನಾಯಿಯ ಯಕೃತ್ತೊಂದನ್ನು ಹೊರತೆಗೆದು, ಅದರ ರಕ್ತನಾಳಗಳ ಮೂಲಕ ನೀರನ್ನು ಹಾಯಿಸಿ, ಸಕ್ಕರೆಯ ಲೇಶವೂ ಉಳಿಯದಂತೆ ತೊಳೆದನು. ಮರುದಿನ ನೋಡಿದಾಗ ಅದೇ ಯಕೃತ್ತಿನಲ್ಲಿ ಪುನಃ ಸಕ್ಕರೆಯು ಕಂಡುಬಂದಿತು. ಹೊರಗಿನಿಂದ ಏನನ್ನೂ ಕೊಡದಿದ್ದರೂ ಯಕೃತ್ತು ಸಕ್ಕರೆಯನ್ನು ಉಂಟುಮಾಡಬಲ್ಲದೆಂಬುದು ಹೀಗೆ ಸಿದ್ಧವಾಯಿತು. ಎರಡು ವರ್ಷಗಳ ತರುವಾಯ, ೧೮೫೭ರಲ್ಲಿ, ಆ ಸಕ್ಕರೆಗೆ ಮೂಲವಾದ ಗ್ಲೈಕೋಜನ್ ಎಂಬ ಪಿಷ್ಟದಂತಹ ವಸ್ತುವನ್ನು ಅವನು ಬೇರ್ಪಡಿಸಿದನು.

ಸೂಪಾ ಜಲಾಶಯದ ಉಪಮಾನ

ಯಕೃತ್ತಿನ ಕಾರ್ಯವನ್ನು ತಿಳಿಯಲು ಕಾಳೀನದಿಯ ದೃಷ್ಟಾಂತವು ಬಹಳ ಅನುಕೂಲವಾಗಿದೆ. ಜೋಯಿಡಾ ತಾಲ್ಲೂಕಿನ ಗಣೇಶಗುಡಿಯಲ್ಲಿ ಆ ನದಿಗೆ ಅಡ್ಡಲಾಗಿ ಸುಮಾರು ೧೦೧ ಮೀಟರ್ ಎತ್ತರದ ಸೂಪಾ ಅಣೆಕಟ್ಟು ನಿಂತಿದೆ. ಘಟ್ಟದ ಮೇಲೆ ಮಳೆ ಸುರಿಯುವುದು ಮುಖ್ಯವಾಗಿ ಜೂನಿನಿಂದ ಸೆಪ್ಟೆಂಬರಿನವರೆಗೆ. ಆದರೂ ಏಪ್ರಿಲಿನ ಬಿಸಿಲಿನಲ್ಲಿಯೂ ದಾಂಡೇಲಿಯ ಬಳಿ ಕಾಳಿಯು ಹರಿಯುತ್ತಿರುತ್ತದೆ. ಮಳೆಗಾಲದಲ್ಲಿ ಕೂಡಿಟ್ಟ ನೀರನ್ನು ವಿದ್ಯುದಾಗಾರದ ಮೂಲಕ ಮಿತವಾಗಿ ಬಿಡುತ್ತಿರುವುದೇ ಇದಕ್ಕೆ ಕಾರಣ.

ನಮ್ಮ ಊಟವೇ ಮಳೆ, ಯಕೃತ್ತೇ ಜಲಾಶಯ, ರಕ್ತವೇ ನದಿ. ಉಂಡ ಅನ್ನ ರೊಟ್ಟಿಗಳ ಪಿಷ್ಟವು ಜೀರ್ಣವಾಗಿ ಗ್ಲೂಕೋಸಾಗಿ ಬಂದಾಗ ಯಕೃತ್ತು ಅದರ ಒಂದು ಪಾಲನ್ನು ಗ್ಲೈಕೋಜನ್ ರೂಪದಲ್ಲಿ ಶೇಖರಿಸುತ್ತದೆ. ಚೆನ್ನಾಗಿ ಉಂಡವನ ಯಕೃತ್ತಿನಲ್ಲಿ ಇಂತಹ ದಾಸ್ತಾನು ಸುಮಾರು ನೂರು ಗ್ರಾಂ ಇರಬಹುದು. ರಾತ್ರಿಯಲ್ಲಿ ಯಕೃತ್ತು ಶರೀರದ ತೂಕದ ಪ್ರತಿ ಕಿಲೋಗ್ರಾಮಿಗೆ ನಿಮಿಷವೊಂದಕ್ಕೆ ಸುಮಾರು ಎರಡು ಮಿಲಿಗ್ರಾಮಿನಂತೆ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ. ಅರುವತ್ತು ಕಿಲೋ ತೂಕದವನಲ್ಲಿ ಇದು ಗಂಟೆಗೆ ಏಳು ಗ್ರಾಮಿಗೆ ಸ್ವಲ್ಪ ಹೆಚ್ಚು. ಎಂಟು ಗಂಟೆಗಳಲ್ಲಿ ಸುಮಾರು ೫೮ ಗ್ರಾಂ.

ತೂಬನ್ನು ಮುಚ್ಚಿ ತೆರೆಯುವ ಕೈಗಳೂ ಇವೆ. ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಇನ್ಸುಲಿನ್ ತೂಬನ್ನು ಇಳಿಸುತ್ತದೆ. ಜೊತೆಗೆ ಸ್ನಾಯುಗಳು ಗ್ಲೂಕೋಸನ್ನು ಹೀರಿಕೊಳ್ಳುವಂತೆಯೂ ಮಾಡುತ್ತದೆ. ಅದೇ ಗ್ರಂಥಿಯ ಗ್ಲುಕಗಾನ್ ಎಂಬ ಹಾರ್ಮೋನು ತೂಬನ್ನು ಏರಿಸುತ್ತದೆ. ಮಧುಮೇಹದಲ್ಲಿ ಇನ್ಸುಲಿನ್ ಇಲ್ಲದಿರುವುದರಿಂದಲೋ, ಇದ್ದರೂ ಅದರ ಮಾತು ನಡೆಯದಿರುವುದರಿಂದಲೋ, ತೂಬು ಎಷ್ಟು ಇಳಿಯಬೇಕೋ ಅಷ್ಟು ಇಳಿಯುವುದಿಲ್ಲ.

ಆದರೆ ಉಪಮಾನಕ್ಕೂ ಒಂದು ಮೇರೆಯುಂಟು. ಸೂಪಾ ಜಲಾಶಯವು ತಾನಾಗಿ ನೀರನ್ನು ಸೃಷ್ಟಿಸಲಾರದು; ಯಕೃತ್ತಾದರೋ ಸಸಾರಜನಕದ ಅಂಶಗಳಿಂದಲೂ, ಕೊಬ್ಬಿನ ಒಂದು ಭಾಗದಿಂದಲೂ, ಸ್ನಾಯುಗಳಿಂದ ಬರುವ ಲ್ಯಾಕ್ಟಿಕ್ ಆಮ್ಲದಿಂದಲೂ ಹೊಸ ಗ್ಲೂಕೋಸನ್ನು ತಯಾರಿಸಬಲ್ಲದು. ಮಧುಮೇಹಿಗಳಲ್ಲಿ ಈ ತಯಾರಿಕೆಯೂ ಮಿತಿಮೀರಿರುತ್ತದೆ. ಆದುದರಿಂದ ರಾತ್ರಿಯ ಊಟವನ್ನು ಬಿಟ್ಟೊಡನೆ ಮುಂಜಾನೆಯ ಸಕ್ಕರೆಯು ಇಳಿದೇ ತೀರುವುದೆಂಬ ಎಣಿಕೆಯು ಸರಿಯಲ್ಲ.

ಮುಂಜಾನೆಯ ಏರಿಕೆ

ಇನ್ನು ನಮ್ಮ ಗೃಹಸ್ಥರ ಪ್ರಶ್ನೆಗೆ ಬರೋಣ. ಬೆಳಗಿನ ಜಾವ ಮೂರರಿಂದ ಎಂಟು ಗಂಟೆಯ ನಡುವೆ ಶರೀರವು ಎಚ್ಚರಕ್ಕೆ ಅಣಿಯಾಗುತ್ತದೆ. ನಿದ್ರೆಯಲ್ಲಿ ಸ್ರವಿಸಿದ ಬೆಳವಣಿಗೆಯ ಹಾರ್ಮೋನು, ಮುಂಜಾನೆ ಏರುವ ಕಾರ್ಟಿಸಾಲ್ ಮೊದಲಾದವು ಇನ್ಸುಲಿನ್ನಿಗೆ ವಿರುದ್ಧವಾಗಿ ವರ್ತಿಸಿ ಯಕೃತ್ತಿನ ತೂಬನ್ನು ಮೇಲೆತ್ತುತ್ತವೆ. ಆರೋಗ್ಯವಂತನಲ್ಲಿ ಅದೇ ವೇಳೆಗೆ ತುಸು ಹೆಚ್ಚು ಇನ್ಸುಲಿನ್ ಹೊರಟು ಈ ಏರಿಕೆಯನ್ನು ಸರಿದೂಗಿಸುತ್ತದೆ. ಮಧುಮೇಹಿಯಲ್ಲಿ ಅದು ಸಾಧ್ಯವಾಗುವುದಿಲ್ಲ. ಇದಕ್ಕೆ ೧೯೮೧ರಲ್ಲಿ ವಿಜ್ಞಾನಿಗಳು ಇಟ್ಟ ಹೆಸರಿನ ಅರ್ಥ ‘ಅರುಣೋದಯದ ವಿದ್ಯಮಾನ’ ಎಂದು.

ಈ ಏರಿಕೆಗೆ ಎಷ್ಟು ಸಕ್ಕರೆ ಬೇಕು? ಗ್ಲೂಕೋಸ್ ರಕ್ತದಲ್ಲಿ ಮಾತ್ರವಲ್ಲದೆ ಜೀವಕೋಶಗಳ ಸುತ್ತಲಿನ ದ್ರವದಲ್ಲಿಯೂ ಹರಡಿಕೊಳ್ಳುತ್ತದೆ. ಅರುವತ್ತು ಕಿಲೋ ತೂಕದವನಲ್ಲಿ ಈ ದ್ರವವೆಲ್ಲ ಸೇರಿ ಸುಮಾರು ಹನ್ನೆರಡು ಲೀಟರ್. ಅದರ ಪ್ರತಿ ನೂರು ಮಿಲಿಲೀಟರಿನಲ್ಲಿ ೩೦ ಮಿಲಿಗ್ರಾಂ ಏರಲು ಬೇಕಾಗುವುದು ೩.೬ ಗ್ರಾಂ, ಎಂದರೆ ಒಂದು ಚಹಾ ಚಮಚಕ್ಕೂ ಕಡಿಮೆ. ಯಕೃತ್ತು ರಾತ್ರಿಯೆಲ್ಲ ಬಿಡುವ ೫೮ ಗ್ರಾಮಿನಲ್ಲಿ ಇದು ನೂರಕ್ಕೆ ಆರು ಪಾಲು ಮಾತ್ರ. ಒಳಹರಿವಿಗೂ ಹೊರಹರಿವಿಗೂ ಇಷ್ಟು ಅಲ್ಪವಾದ ವ್ಯತ್ಯಾಸವಾದರೂ ಸಾಕು, ೧೪೦ ಇದ್ದುದು ೧೭೦ ಆಗುತ್ತದೆ. ಆದುದರಿಂದ ಮುಂಜಾನೆಯ ಸಕ್ಕರೆ ಏರಿದ್ದನ್ನು ಕಂಡು ಮನೆಯ ಹಿರಿಯರು ಕದ್ದು ತಿಂದರೆಂದು ಆರೋಪಿಸುವುದು ಅನ್ಯಾಯ.

ತುತ್ತಿನ ಪದ್ಧತಿ ಹುಟ್ಟಿದ ಬಗೆ

ಕೆನಡಾದ ಟೊರಾಂಟೋ ನಗರದಲ್ಲಿ ೧೯೨೧ರಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಕಂಡುಹಿಡಿದ ಮೇಲೆ ಅದನ್ನು ದಿನಕ್ಕೆ ಹಲವು ಬಾರಿ ಚುಚ್ಚಿಕೊಳ್ಳಬೇಕಾಗುತ್ತಿದ್ದಿತು. ೧೯೪೬ರಲ್ಲಿ ಡೆನ್ಮಾರ್ಕಿನ ಹಾಗೆಡಾರ್ನ್ ಎಂಬುವನ ಪ್ರಯೋಗಶಾಲೆಯಲ್ಲಿ ನಿಧಾನವಾಗಿ ಕೆಲಸ ಮಾಡುವ ಎನ್‌ಪಿಎಚ್ ಇನ್ಸುಲಿನ್ ಸಿದ್ಧವಾಯಿತು. ಇದರ ಪ್ರಭಾವವು ಚುಚ್ಚಿದ ನಾಲ್ಕಾರು ಗಂಟೆಗಳ ತರುವಾಯ ಶಿಖರವನ್ನು ಮುಟ್ಟುತ್ತದೆ. ಸಂಜೆ ಚುಚ್ಚಿಕೊಂಡರೆ ಆ ಶಿಖರವು ಬರುವುದು ನಡುರಾತ್ರಿಯಲ್ಲಿ, ಎಂದರೆ ಹೊಟ್ಟೆ ಬರಿದಾಗಿರುವ, ರೋಗಿ ಗಾಢನಿದ್ರೆಯಲ್ಲಿರುವ ಹೊತ್ತಿನಲ್ಲಿ. ತೂಬು ಪೂರ್ಣವಾಗಿ ಮುಚ್ಚಿ, ಸ್ನಾಯುಗಳು ಸಕ್ಕರೆಯನ್ನು ಹೀರುತ್ತಿದ್ದರೆ ಮಿದುಳಿಗೆ ಉಳಿಯುವುದೇನು? ಈ ಅಪಾಯವನ್ನು ತಪ್ಪಿಸಲೆಂದೇ ಮಲಗುವ ಮುನ್ನ ಅಲ್ಪಾಹಾರವನ್ನು ತಿನ್ನಬೇಕೆಂಬ ನಿಯಮವು ಬಳಕೆಗೆ ಬಂದಿತು. ಆ ತುತ್ತು ಹಸಿವಿಗಾಗಿ ಅಲ್ಲ, ಇನ್ಸುಲಿನ್ನಿಗಾಗಿ.

ಇದಕ್ಕೆ ಇನ್ನೊಂದು ವಾದವೂ ಸೇರಿಕೊಂಡಿತು. ಅಮೆರಿಕಾದಲ್ಲಿದ್ದ ಮೈಕೆಲ್ ಸೊಮೋಗ್ಯಿ ಎಂಬ ರಸಾಯನವಿಜ್ಞಾನಿಯು, ರಾತ್ರಿಯಲ್ಲಿ ಸಕ್ಕರೆ ತೀರ ಕುಸಿದರೆ ಶರೀರವು ಗಾಬರಿಗೊಂಡು ತೂಬನ್ನು ತೆರೆದು, ಮುಂಜಾನೆ ಸಕ್ಕರೆಯನ್ನು ಮೇಲೇರಿಸುತ್ತದೆಂದು ೧೯೩೦ರ ದಶಕದಲ್ಲಿ ಸೂಚಿಸಿದನು. ಹಾಗಾದರೆ ರಾತ್ರಿ ತಿಂದರೆ ಮುಂಜಾನೆಯ ಸಕ್ಕರೆ ಇಳಿಯಬೇಕಷ್ಟೆ! ಈ ವಾದವು ಬಹುಕಾಲ ಪಾಠವಾಗಿ ನಡೆಯಿತು. ಆದರೆ ಚರ್ಮದ ಕೆಳಗೆ ಇದ್ದು ಕೆಲವು ನಿಮಿಷಗಳಿಗೊಮ್ಮೆ ಗ್ಲೂಕೋಸನ್ನು ಅಳೆಯುವ ಉಪಕರಣಗಳು ಬಂದ ಮೇಲೆ, ರಾತ್ರಿ ಸಕ್ಕರೆ ಕುಸಿದವರಲ್ಲಿ ಮುಂಜಾನೆಯೂ ಅದು ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆಂದು ಕಂಡುಬಂದಿತು. ಮುಂಜಾನೆಯ ಏರಿಕೆಗೆ ಸೊಮೋಗ್ಯಿಯ ಕಾರಣವು ಅಪರೂಪವೆಂಬುದೇ ಇಂದಿನ ಅಭಿಪ್ರಾಯ.

ಔಷಧಗಳೂ ಬದಲಾಗಿವೆ. ೨೦೦೦ದಲ್ಲಿ ಬಳಕೆಗೆ ಬಂದ ಗ್ಲಾರ್ಜೀನ್ ಮುಂತಾದ ಹೊಸ ಇನ್ಸುಲಿನ್ನುಗಳ ಪ್ರಭಾವವು ಹೆಚ್ಚು ಕಡಿಮೆ ಸಮನಾಗಿರುವುದರಿಂದ ಎಲ್ಲರಿಗೂ ರಾತ್ರಿಯ ತುತ್ತು ಅವಶ್ಯವಿಲ್ಲ. ಮೆಟ್‌ಫಾರ್ಮಿನ್ ಮಾತ್ರೆಯು ಮುಖ್ಯವಾಗಿ ಯಕೃತ್ತಿನ ತಯಾರಿಕೆಯನ್ನು ತಗ್ಗಿಸುತ್ತದೆ. ಅದೊಂದನ್ನೇ ಸೇವಿಸುವವರಲ್ಲಿ ಸಕ್ಕರೆ ಅಪಾಯಕರವಾಗಿ ಕುಸಿಯುವುದು ವಿರಳ. ಆದರೆ ಎನ್‌ಪಿಎಚ್ ಇನ್ಸುಲಿನ್ನೂ ಅದು ಸೇರಿದ ಮಿಶ್ರಣಗಳೂ ನಮ್ಮಲ್ಲಿ ಇಂದಿಗೂ ಬಳಕೆಯಲ್ಲಿವೆ. ಗ್ಲಿಬೆನ್ಕ್ಲಾಮೈಡ್, ಗ್ಲಿಮೆಪಿರೈಡ್ ಮುಂತಾದ ಮಾತ್ರೆಗಳು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ನನ್ನು ಒತ್ತಾಯದಿಂದ ಹೊರಡಿಸುವುದರಿಂದ ಅವುಗಳಿಂದಲೂ ಸಕ್ಕರೆ ಕುಸಿಯಬಹುದು. ಇಂತಹ ಔಷಧಗಳನ್ನು ಸೇವಿಸುವವರು ರಾತ್ರಿಯ ಊಟವನ್ನು ಬಿಡುವುದು ಅತ್ಯಂತ ಅಪಾಯಕರವೆಂಬುದನ್ನು ಮನೆಯವರೆಲ್ಲರೂ ನೆನಪಿಡಬೇಕು.

ಮೂರು ಗಂಟೆಯ ಅಳತೆ

ಭೌತವಿಜ್ಞಾನವನ್ನು ಬೋಧಿಸುವ ನಮಗೆ ಇಲ್ಲಿ ಪರಿಚಿತವಾದ ಒಂದು ತತ್ತ್ವವು ಕಾಣುತ್ತದೆ. ಚಲಿಸುವ ವಸ್ತುವಿನ ಎರಡು ಸ್ಥಾನಗಳನ್ನು ಮಾತ್ರ ತಿಳಿದರೆ ಅದು ನಡುವೆ ಯಾವ ಹಾದಿ ಹಿಡಿಯಿತೆಂದು ಹೇಳಲಾಗದು. ಹಾಗೆಯೇ ಮಲಗುವಾಗಿನ ಮತ್ತು ಏಳುವಾಗಿನ ಎರಡು ಅಂಕಿಗಳಿಂದ ರಾತ್ರಿಯ ವೃತ್ತಾಂತವು ತಿಳಿಯದು. ನಡುವೆ ಮತ್ತೊಂದು ಅಳತೆ ಬೇಕು. ಬೆಳಗಿನ ಜಾವ ಸುಮಾರು ಮೂರು ಗಂಟೆಗೆ ಎದ್ದು ಪರೀಕ್ಷಿಸಿದರೆ ಆ ಅಳತೆ ದೊರೆಯುತ್ತದೆ. ಉದಾಹರಣೆಗೆ ಮೂರು ಬಗೆಗಳನ್ನು ನೋಡೋಣ.

ಮಲಗುವಾಗ ೧೪೦, ಮೂರು ಗಂಟೆಗೆ ೧೩೫, ಏಳುವಾಗ ೧೭೫ ಇದ್ದರೆ ಅದು ಅರುಣೋದಯದ ಏರಿಕೆ. ಇದಕ್ಕೆ ರಾತ್ರಿಯ ತುತ್ತು ಮದ್ದಲ್ಲ. ಔಷಧದ ಪ್ರಮಾಣ, ವೇಳೆಗಳನ್ನು ವೈದ್ಯರು ತಿದ್ದಬೇಕಾದೀತು. ಮಲಗುವಾಗ ೨೧೦, ಮೂರಕ್ಕೆ ೨೦೫, ಏಳುವಾಗ ೨೦೦ ಇದ್ದರೆ ಸಕ್ಕರೆಯು ಹಿಂದಿನ ಸಂಜೆಯೇ ಏರಿದ್ದಿತು. ಊಟದ ಪ್ರಮಾಣವನ್ನೂ ಹೊತ್ತನ್ನೂ ಔಷಧವನ್ನೂ ವಿಚಾರಿಸಬೇಕು. ಇಂತಹವರು ಇನ್ನೂ ಒಂದು ತುತ್ತು ತಿಂದರೆ ಹೊರೆಯ ಮೇಲೆ ಹೊರೆ. ಮಲಗುವಾಗ ೧೧೦ ಇದ್ದು ಮೂರಕ್ಕೆ ೬೦ ಆಗಿದ್ದರೆ, ಮುಂಜಾನೆ ಎಷ್ಟೇ ಇರಲಿ, ಅದು ಅಪಾಯದ ಸೂಚನೆ. ಎಪ್ಪತ್ತಕ್ಕಿಂತ ಕಡಿಮೆಯಾದರೆ ಸಕ್ಕರೆ ಕುಸಿದಿದೆಯೆಂದೇ ತಿಳಿಯತಕ್ಕದ್ದು. ತಡಮಾಡದೆ ವೈದ್ಯರನ್ನು ಕಂಡು ಔಷಧವನ್ನು ತಿದ್ದಿಸಿಕೊಳ್ಳಬೇಕು. ಅಲ್ಲಿಯವರೆಗೆ ರಾತ್ರಿಯ ತುತ್ತೇ ರಕ್ಷೆ.

ಅಳತೆಯ ದೋಷವನ್ನೂ ಮರೆಯಬಾರದು. ಮನೆಯಲ್ಲಿ ಬಳಸುವ ಯಂತ್ರಗಳಿಗೆ ಅಂತರರಾಷ್ಟ್ರೀಯ ನಿಯಮವು ನೂರರ ಮೇಲಿನ ಅಂಕಿಗಳಲ್ಲಿ ನೂರಕ್ಕೆ ಹದಿನೈದರಷ್ಟು ವ್ಯತ್ಯಾಸಕ್ಕೆ ಅವಕಾಶ ಕೊಟ್ಟಿದೆ. ೧೪೦ಕ್ಕೂ ೧೫೦ಕ್ಕೂ ನಡುವಿನ ಅಂತರವು ಯಂತ್ರದ್ದೇ ಇರಬಹುದು. ಬೆರಳಿಗೆ ಬೆಲ್ಲದ ಅಥವಾ ಹಣ್ಣಿನ ಅಂಟು ಇದ್ದರಂತೂ ಅಂಕಿಯು ಸುಳ್ಳಾಗುತ್ತದೆ. ಆದುದರಿಂದ ಕೈತೊಳೆದು, ಒರಸಿ, ಮೂರು ನಾಲ್ಕು ರಾತ್ರಿಗಳ ಅಂಕಿಗಳನ್ನು ಉಂಡ ಪದಾರ್ಥ ಹಾಗೂ ವೇಳೆಯೊಡನೆ ಬರೆದಿಟ್ಟು ವೈದ್ಯರಿಗೆ ತೋರಿಸಬೇಕು. ರಾತ್ರಿಪಾಳಿಯಲ್ಲಿ ದುಡಿಯುವವರಿಗೆ ನಿದ್ರೆಯ ಹೊತ್ತೇ ಬೇರೆಯಾಗಿರುವುದರಿಂದ ಪಾಳಿಯ ವೇಳೆಯನ್ನೂ ಬರೆಯುವುದು ಅವಶ್ಯ.

ಯಾವ ತುತ್ತು, ಎಷ್ಟು?

ವೈದ್ಯರು ತುತ್ತನ್ನು ತಿನ್ನಬೇಕೆಂದರೆ ಏನನ್ನು ತಿನ್ನುವುದು? ಮುಂಡಗೋಡದ ಟಿಬೆಟಿಯನ್ ವಸತಿಯ ಮನೆಗಳಲ್ಲಿ ಹುರಿದ ಬಾರ್ಲಿಯ ಹಿಟ್ಟು, ಜೋಯಿಡಾದ ಕುಣಬಿ ಮನೆಗಳಲ್ಲಿ ಗೆಡ್ಡೆಗೆಣಸು, ಹಳಿಯಾಳದಲ್ಲಿ ರೊಟ್ಟಿ, ಅನ್ನ: ಅಡಿಗೆಯ ಮನೆಗಳು ಬೇರೆ ಬೇರೆ. ರಕ್ತಕ್ಕೆ ಬೇಕಾದ ಲೆಕ್ಕವು ಒಂದೇ: ಅದರಲ್ಲಿ ಪಿಷ್ಟವೂ ಸಕ್ಕರೆಯೂ ಎಷ್ಟು, ಅವು ಎಷ್ಟು ಬೇಗ ಗ್ಲೂಕೋಸಾಗುತ್ತವೆ ಎಂಬುದು.

ಒಂದು ಲೋಟ, ಎಂದರೆ ೨೦೦ ಮಿಲಿಲೀಟರ್ ಹಾಲಿನಲ್ಲಿ ಸುಮಾರು ಹತ್ತು ಗ್ರಾಂ ಸಕ್ಕರೆಯಂಶವಿದೆ. ಒಂದು ಹಿಡಿ, ಎಂದರೆ ೩೦ ಗ್ರಾಂ ಶೇಂಗಾದಲ್ಲಿ ಪಿಷ್ಟಾದಿಗಳು ಐದಾರು ಗ್ರಾಂ, ಸಸಾರಜನಕ ಏಳೆಂಟು ಗ್ರಾಂ. ಬೇಯಿಸಿದ ಒಂದು ಮೊಟ್ಟೆಯಲ್ಲಿ ಪಿಷ್ಟವು ಇಲ್ಲವೆಂದೇ ಹೇಳಬಹುದು. ಸಸಾರಜನಕ ಆರು ಗ್ರಾಂ. ಐವತ್ತು ಗ್ರಾಂ ಅವಲಕ್ಕಿಯಲ್ಲಿಯಾದರೋ ಪಿಷ್ಟವು ಮೂವತ್ತೈದು ಗ್ರಾಮಿಗೂ ಮೇಲು. ಅದು ತುತ್ತಲ್ಲ, ಮತ್ತೊಂದು ಊಟ. ಸಕ್ಕರೆ ಕುಸಿಯುವ ಭಯವಿರುವವರಿಗೆ ಒಂದು ಲೋಟ ಹಾಲಿನೊಡನೆ ಸ್ವಲ್ಪ ಶೇಂಗಾ ಇಂತಹ ಸಾಧಾರಣ ತುತ್ತು ಸಾಕಾಗುತ್ತದೆ. ಮೂತ್ರಪಿಂಡದ ತೊಂದರೆಯುಳ್ಳವರು ಸಸಾರಜನಕದ ವಿಷಯದಲ್ಲಿ ವೈದ್ಯರ ಅಪ್ಪಣೆಯನ್ನು ಪಡೆಯಬೇಕು.

ಸಕ್ಕರೆ ಕುಸಿಯುವ ಭಯವಿಲ್ಲದವರಿಗೆ ತುತ್ತಿನಿಂದ ಲಾಭವುಂಟೇ? ೨೦೨೦ರಲ್ಲಿ ಪ್ರಕಟವಾದ ಕೆನಡಾದ ಒಂದು ಸಣ್ಣ ಪ್ರಯೋಗವು ಈ ಪ್ರಶ್ನೆಯನ್ನೇ ಕೇಳಿತು. ಎರಡನೆಯ ಬಗೆಯ ಮಧುಮೇಹವುಳ್ಳವರಿಗೆ ಕೆಲವು ರಾತ್ರಿಗಳಲ್ಲಿ ಮೊಟ್ಟೆಯನ್ನೂ, ಕೆಲವು ರಾತ್ರಿಗಳಲ್ಲಿ ಸಕ್ಕರೆಯಂಶವುಳ್ಳ ಮೊಸರನ್ನೂ ಕೊಡಲಾಯಿತು; ಕೆಲವು ರಾತ್ರಿಗಳಲ್ಲಿ ಏನನ್ನೂ ಕೊಡಲಿಲ್ಲ. ಮೊಸರಿನ ರಾತ್ರಿಗಳಿಗಿಂತ ಮೊಟ್ಟೆಯ ರಾತ್ರಿಗಳ ಮರುಮುಂಜಾನೆ ಸಕ್ಕರೆ ಕಡಿಮೆಯಿದ್ದಿತು. ಆದರೆ ಏನನ್ನೂ ತಿನ್ನದ ರಾತ್ರಿಗಳಿಗಿಂತ ಮೊಟ್ಟೆಯ ರಾತ್ರಿಗಳು ಉತ್ತಮವಾಗಿರಲಿಲ್ಲ. ತಿನ್ನಲೇಬೇಕಾದರೆ ಪಿಷ್ಟ ಕಡಿಮೆಯಿರುವುದನ್ನು ತಿನ್ನಬೇಕು. ಹಸಿವೂ ಭಯವೂ ಇಲ್ಲದಿದ್ದರೆ ತಿನ್ನಬೇಕಾದ ಅಗತ್ಯವಿಲ್ಲವೆಂಬುದು ಇದರಿಂದ ತೋರುತ್ತದೆ. ಇಂತಹವರು ಊಟವನ್ನು ಸ್ವಲ್ಪ ಬೇಗ ಮುಗಿಸಿ, ಹತ್ತು ಹದಿನೈದು ನಿಮಿಷ ನಡೆದಾಡಿದರೆ ಹೆಚ್ಚು ಪ್ರಯೋಜನವಾಗುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ನಡುರಾತ್ರಿ ಮೈ ಬೆವರುವುದು, ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು, ಅಸಂಬದ್ಧವಾಗಿ ಮಾತನಾಡುವುದು, ಇವು ಸಕ್ಕರೆ ಕುಸಿದುದರ ಲಕ್ಷಣಗಳು. ಆಗ ಶೇಂಗಾ ರೊಟ್ಟಿಗಳು ಕೆಲಸಕ್ಕೆ ಬಾರವು. ಕೊಬ್ಬಿರುವ ತಿನಿಸು ನಿಧಾನವಾಗಿ ಜೀರ್ಣವಾಗುತ್ತದೆ. ಮೂರು ಚಹಾ ಚಮಚ, ಎಂದರೆ ಸುಮಾರು ಹದಿನೈದು ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಹದಿನೈದು ನಿಮಿಷ ಕಳೆದು ಪರೀಕ್ಷಿಸಿ, ಎಪ್ಪತ್ತನ್ನು ದಾಟದಿದ್ದರೆ ಮತ್ತೊಮ್ಮೆ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು. ಅದು ಉಸಿರುನಾಳಕ್ಕೆ ಇಳಿದೀತು. ಅವರನ್ನು ತಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು. ಕಾಡಿನ ನಡುವೆ ಚದುರಿದ ಜೋಯಿಡಾದ ಹಳ್ಳಿಗಳಂತಹ ಕಡೆಗಳಲ್ಲಿ ರಾತ್ರಿಯ ಹೊತ್ತು ಆಸ್ಪತ್ರೆಯನ್ನು ಮುಟ್ಟುವುದು ಸುಲಭವಲ್ಲ. ಅಲ್ಲಿ ಹಾಸಿಗೆಯ ಬಳಿ ಇಟ್ಟ ಸಕ್ಕರೆಯ ಡಬ್ಬಿಯೂ, ಅದರ ಉಪಯೋಗವನ್ನು ಬಲ್ಲ ಒಬ್ಬ ವಿದ್ಯಾರ್ಥಿಯೂ ಒಂದು ಜೀವವನ್ನು ಉಳಿಸಬಹುದು.

ರಾತ್ರಿಯ ತುತ್ತು ಅಮೃತವೂ ಅಲ್ಲ, ವಿಷವೂ ಅಲ್ಲ; ಅದೊಂದು ಔಷಧದಂತೆ. ಯಾರಿಗೆ, ಯಾವಾಗ, ಎಷ್ಟು ಎಂಬುದನ್ನು ನೆರೆಹೊರೆಯವರ ಅನುಭವದಿಂದ ನಿರ್ಣಯಿಸಲಾಗದು. ಅಳೆದು, ಬರೆದಿಟ್ಟು, ವೈದ್ಯರೊಡನೆ ವಿಚಾರಿಸಿ, ಅನಂತರ ತಿನ್ನುವುದೇ ಶಾಸ್ತ್ರೀಯವಾದ ಮಾರ್ಗ.